ಪೆನಾಂಗ್‌ನಲ್ಲಿ ಎರಡೂವರೆ ದಿನ, ಒಬ್ಬರೇ: ಪಟ್ಟಿ ಬಿಡಿ, ಒಂದೇ ಬೀದಿಯನ್ನು ಮೂರು ಸಲ ನಡೆಯಿರಿ

ಮಲೇಷ್ಯಾದ ಪೆನಾಂಗ್‌ಗೆ ಹೋಗುವವರು ಸಾಮಾನ್ಯವಾಗಿ ಇಪ್ಪತ್ತು ಜಾಗದ ಪಟ್ಟಿ ಹಿಡಿದು ಹೋಗುತ್ತಾರೆ. ಅರ್ಧ ದಿನ ಕಾರಿನಲ್ಲೇ ಕಳೆಯುತ್ತದೆ, ಉಳಿದರ್ಧ ಫೋಟೊ ತೆಗೆಯುವ ಸಾಲಿನಲ್ಲಿ. ವಾಪಸ್ ಬಂದು "ಚೆನ್ನಾಗಿತ್ತು, ಆದ್ರೆ ಸೆಕೆ ಜಾಸ್ತಿ" ಅನ್ನುತ್ತಾರೆ. ಮೊದಲ ಸಲ ಹೋದಾಗ ನಾನೂ ಮಾಡಿದ್ದು ಅಷ್ಟೇ. ಎರಡನೇ ಸಲ ಒಬ್ಬಳೇ ಹೋದೆ. ಕೈಯಲ್ಲಿ ಎರಡೂವರೆ ದಿನ ಮಾತ್ರ ಇತ್ತು, ಹಾಗಾಗಿ ಪಟ್ಟಿಯನ್ನೇ ಬಿಟ್ಟೆ. ಜಾರ್ಜ್ ಟೌನ್ ಅನ್ನುವ ಹಳೇ ಊರಿನೊಳಗೆ ರೂಮು ಹಿಡಿದು, ಒಂದೇ ಬೀದಿಯನ್ನು ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ನಡೆದೆ. ಊರು ಪರಿಚಯವಾಗಿದ್ದು ಆಗಲೇ. ಒಬ್ಬರೇ ಹೋಗುವವರಿಗೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ. ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ 2023ರ ಡಿಸೆಂಬರ್‌ನಿಂದ ಮಲೇಷ್ಯಾಕ್ಕೆ 30 ದಿನದವರೆಗೆ ವೀಸಾ ಬೇಡ. ಈ ಸೌಲಭ್ಯವನ್ನು 2026ರ ಕೊನೆಯವರೆಗೆ ಮುಂದುವರಿಸಿದ್ದಾರೆ, ಆಮೇಲೆ ಹೋಗುವವರು ಟಿಕೆಟ್ ಮಾಡಿಸುವ ಮುಂಚೆ ಒಂದು ಸಲ ನೋಡಿಕೊಳ್ಳಿ. ಆದರೆ ವೀಸಾ ಬೇಡ ಅಂದರೆ ಏನೂ ಬೇಡ ಅಂತಲ್ಲ. ಎಂಡಿಎಸಿ ಅನ್ನುವ ಡಿಜಿಟಲ್ ಅರೈವಲ್ ಕಾರ್ಡನ್ನು ಅಲ್ಲಿ ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಇದಕ್ಕೆ ಒಂದು ಪೈಸೆಯೂ ಇಲ್ಲ. ನಾನು ಹೊರಡುವ ಗಡಿಬಿಡಿಯಲ್ಲಿ ಹುಡುಕಿ, ಮೊದಲು ಸಿಕ್ಕ ವೆಬ್‌ಸೈಟನ್ನೇ ಸರ್ಕಾರದ್ದು ಅಂದುಕೊಂಡು, ಬಾವುಟ ಗಿವುಟ ಎಲ್ಲ ನೋಡಿ ನಂಬಿ, ಕೇಳಿದ "ಸೇವಾ ಶುಲ್ಕ" ಕಟ್ಟಿಬಿಟ್ಟೆ. ಮೂರು ಸಾವಿರ ಚಿಲ್ಲರೆ ಹೋಯಿತು. ಕೊನೆಗೆ ಅಸಲಿ ತಾಣದಲ್ಲಿ ಇನ್ನೊಮ್ಮೆ ನಾನೇ ತುಂಬಬೇಕಾಯಿತು, ಐದು ನಿಮಿಷದ ಕೆಲಸ. ವಿಳಾಸದಲ್ಲಿ "ಜಿಒವಿ ಡಾಟ್ ಎಂವೈ" ಇದೆಯಾ ಅಂತ ನೋಡಿ, ಅಷ್ಟು ಸಾಕು.

ವಾಪಸ್ ಟಿಕೆಟ್ ಮತ್ತು ರೂಮಿನ ಬುಕಿಂಗ್ ಫೋನಿನಲ್ಲಿ ಇರಲಿ, ಇಮಿಗ್ರೇಷನ್‌ನವರು ಕೇಳಬಹುದು. ಅಲ್ಲಿನ ಪ್ಲಗ್ಗು ಮೂರು ಚೌಕ ಕಡ್ಡಿಯದು, ನಮ್ಮ ಚಾರ್ಜರ್ ಕೂರುವುದಿಲ್ಲ. ಅಡಾಪ್ಟರ್ ಇಲ್ಲಿಂದಲೇ ತಗೊಂಡು ಹೋಗಿ. ಒಂದು ರಿಂಗಿಟ್‌ಗೆ ಇಪ್ಪತ್ತು ರೂಪಾಯಿ ಅಂತ ಬಾಯಿಲೆಕ್ಕ ಇಟ್ಟುಕೊಳ್ಳಿ, ಸ್ವಲ್ಪ ಆಚೀಚೆ. ತಳ್ಳುಗಾಡಿಯವರ ಹತ್ತಿರ ನಗದೇ ನಡೆಯುವುದು, ಸಣ್ಣ ನೋಟು ಜಾಸ್ತಿ ಇರಲಿ.

ಹೋಗುವ ದಾರಿ. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ನೇರ ವಿಮಾನ ಇದೆ, ಸುಮಾರು ನಾಲ್ಕು ಗಂಟೆ. ಅಲ್ಲಿಂದ ಪೆನಾಂಗ್‌ಗೆ ಇನ್ನೊಂದು ಗಂಟೆಯ ವಿಮಾನ. ಚೆನ್ನೈನಿಂದ ಸೀದಾ ಪೆನಾಂಗ್‌ಗೇ ಹೋಗುವ ವಿಮಾನವೂ 2024ರ ಡಿಸೆಂಬರ್‌ನಲ್ಲಿ ಶುರುವಾಯಿತು. ಆದರೆ ನನ್ನನ್ನು ಕೇಳಿದರೆ, ಬರುವಾಗ ವಿಮಾನ ಹಿಡಿಯಿರಿ, ಹೋಗುವಾಗ ರೈಲು ಹತ್ತಿ. ಕೌಲಾಲಂಪುರದ ಸೆಂಟ್ರಲ್ ಸ್ಟೇಷನ್‌ನಿಂದ ಪೆನಾಂಗ್ ದ್ವೀಪದ ಎದುರು ದಡದಲ್ಲಿರುವ ಬಟರ್‌ವರ್ತ್‌ಗೆ ಇಟಿಎಸ್ ಅನ್ನುವ ಎಲೆಕ್ಟ್ರಿಕ್ ರೈಲು ಸುಮಾರು ನಾಲ್ಕು ಗಂಟೆ ತಗೊಳ್ಳುತ್ತದೆ. ಒಳಗೆ ಎಸಿ ಎಷ್ಟು ಅಂದರೆ ಶಾಲು ಬೇಕು, ಸುಮ್ನೆ ಹೇಳುತ್ತಿಲ್ಲ. ಸ್ಟೇಷನ್‌ನಿಂದ ಇಳಿದು ಸೇತುವೆ ದಾಟಿ ನಡೆದರೆ ಫೆರಿ. ಟಿಕೆಟ್ 2 ರಿಂಗಿಟ್. 1894ರಿಂದ ಇಲ್ಲಿ ದೋಣಿ ಓಡುತ್ತಿದೆ. ಪೆನಾಂಗ್‌ಗೆ ಬಂದ ಚೀನಿಯರು, ತಮಿಳರು, ಅರಬರು, ಸುಮಾತ್ರಾದ ಅಚೆ ಸೀಮೆಯವರು, ಎಲ್ಲರೂ ಸಮುದ್ರದಿಂದಲೇ ಬಂದವರು. ಊರನ್ನು ಅದೇ ಬಾಗಿಲಿನಿಂದ ಹೊಕ್ಕರೆ ಚೆನ್ನ ಅಲ್ವಾ?

ಇನ್ನೊಂದು ಕಾರಣವೂ ಇದೆ, ಅದು ನಮಗೆ ಮಾತ್ರ. ಬಟರ್‌ವರ್ತ್ ಇರುವ ಆ ದಡಕ್ಕೆ ಹಿಂದೆ ಪ್ರಾವಿನ್ಸ್ ವೆಲ್ಲೆಸ್ಲಿ ಅಂತ ಹೆಸರಿತ್ತು. ಯಾವ ವೆಲ್ಲೆಸ್ಲಿ ಅಂತೀರಾ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದವನೇ. ಆಚೆ ದ್ವೀಪದ ಮೂಲೆಯಲ್ಲಿರುವ ಕೋಟೆಯ ಹೆಸರು ಫೋರ್ಟ್ ಕಾರ್ನ್‌ವಾಲಿಸ್. ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು 1792ರಲ್ಲಿ ಒತ್ತೆ ಇಟ್ಟುಕೊಂಡ ಅದೇ ಕಾರ್ನ್‌ವಾಲಿಸ್. ಮೈಸೂರು ಕಡೆಯವರಿಗೆ ಒಂದು ಸಣ್ಣ ದೋಣಿ ಪ್ರಯಾಣದಲ್ಲಿ ಇಬ್ಬರು ಹಳೇ ಶತ್ರುಗಳು ಎದುರಾಗುತ್ತಾರೆ! ಕೋಟೆಯ ಒಳಗೆ ಮಾತ್ರ ದುಡ್ಡು ಕೊಟ್ಟು ನೋಡುವಂಥದ್ದು ಜಾಸ್ತಿ ಏನಿಲ್ಲ, ಹೊರಗಿನಿಂದ ನೋಡಿ ಮುಂದೆ ಹೋಗಿ.

ರೂಮು ಎಲ್ಲಿ

ಬಾತು ಫೆರಿಂಗಿ ಅನ್ನುವ ಬೀಚಿನ ಕಡೆ ಅಗ್ಗಕ್ಕೆ ಒಳ್ಳೆ ಹೋಟೆಲ್ ಕಾಣಿಸುತ್ತವೆ. ಬೇಡ. ಗೋಕರ್ಣ, ಮರವಂತೆ ನೋಡಿದವರಿಗೆ ಆ ಬೀಚಿನಲ್ಲಿ ಹೊಸದೇನೂ ಸಿಗುವುದಿಲ್ಲ, ಊರಿಗೆ ಬಂದು ಹೋಗುವುದರಲ್ಲೇ ದಿನ ಮುಗಿಯುತ್ತದೆ. ಜಾರ್ಜ್ ಟೌನ್ ಒಳಗೆ, ಲೆಬುಹ್ ಚುಲಿಯಾ ಅಥವಾ ಲವ್ ಲೇನ್ ಸುತ್ತಮುತ್ತ ಒಬ್ಬರಿಗೆ ಆಗುವಂಥ ಸಣ್ಣ ರೂಮುಗಳು, ಹಾಸ್ಟೆಲ್‌ಗಳು ತುಂಬ ಇವೆ. ಲೆಬುಹ್ ಅಂದರೆ ಬೀದಿ, ಜಲಾನ್ ಅಂದರೆ ರಸ್ತೆ, ಲೊರೊಂಗ್ ಅಂದರೆ ಗಲ್ಲಿ. ಇಷ್ಟು ಗೊತ್ತಿದ್ದರೆ ಅರ್ಧ ನಕ್ಷೆ ಓದಿದ ಹಾಗೆ.

ಬುಕ್ ಮಾಡುವಾಗ "ಕಿಟಕಿ ಇದೆಯಾ" ಅಂತ ಕೇಳಿ. ನಗಬೇಡಿ. ಇಲ್ಲಿನ ಹಳೇ ಮನೆಗಳೆಲ್ಲ ಕೆಳಗೆ ಅಂಗಡಿ, ಮೇಲೆ ವಾಸ ಅನ್ನುವಂಥವು. ಮುಂದೆ ಕಿರಿದು, ಹಿಂದಕ್ಕೆ ರೈಲು ಡಬ್ಬಿ ತರ ಉದ್ದ, ಎರಡೂ ಪಕ್ಕದ ಗೋಡೆ ನೆರೆಮನೆಗೆ ಅಂಟಿಕೊಂಡಿರುತ್ತದೆ. ನಡುವಿನ ರೂಮಿಗೆ ಗಾಳಿ ಬೆಳಕು ಬರಬೇಕು ಅಂತ ಮನೆಯ ಮಧ್ಯೆ ಆಕಾಶಕ್ಕೆ ತೆರೆದ ತೊಟ್ಟಿ ಬಿಟ್ಟಿರುತ್ತಾರೆ. ನಮ್ಮ ತೊಟ್ಟಿ ಮನೆ ಕಂಡವರಿಗೆ ಒಳಗೆ ಕಾಲಿಟ್ಟ ತಕ್ಷಣ ಗೊತ್ತಾಗಿಬಿಡುತ್ತದೆ. ಕೆಲವು ಕಡೆ ಆ ತೊಟ್ಟಿಯನ್ನೂ ಮುಚ್ಚಿ ಇನ್ನೊಂದು ರೂಮು ಮಾಡಿಬಿಟ್ಟಿದ್ದಾರೆ, ಅದೇ ನಿಮ್ಮ ಪಾಲಿಗೆ ಬಂದರೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ವಿದೇಶಿಯರಿಗೆ ರೂಮಿನ ಮೇಲೆ ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆ ಬೇರೆ ಇದೆ, ಬುಕಿಂಗ್‌ನಲ್ಲಿ ಸೇರಿಲ್ಲದಿದ್ದರೆ ಕೌಂಟರ್‌ನಲ್ಲಿ ಕೇಳುತ್ತಾರೆ. ಮೋಸ ಅಂದುಕೊಳ್ಳಬೇಡಿ.

ಆ ಬೀದಿ

ಬೀದಿಯ ಹೆಸರು ಜಲಾನ್ ಮಸ್ಜಿದ್ ಕಪಿತಾನ್ ಕೆಲಿಂಗ್. ಹಳಬರು ಇವತ್ತಿಗೂ ಪಿಟ್ ಸ್ಟ್ರೀಟ್ ಅನ್ನುತ್ತಾರೆ. ನಿಧಾನಕ್ಕೆ ನಡೆದರೂ ಹದಿನೈದು ನಿಮಿಷಕ್ಕೆ ಮುಗಿದುಹೋಗುತ್ತದೆ. ಅಷ್ಟರಲ್ಲೇ ಒಂದು ಚರ್ಚು, ಒಂದು ಚೀನಿ ಗುಡಿ, ಒಂದು ಮಾರಿಯಮ್ಮನ ಗುಡಿ, ಒಂದು ಮಸೀದಿ ಸಾಲಾಗಿ ಸಿಗುತ್ತವೆ. 1786ರಲ್ಲಿ ಫ್ರಾನ್ಸಿಸ್ ಲೈಟ್ ಅನ್ನುವವನು ಈಸ್ಟ್ ಇಂಡಿಯಾ ಕಂಪನಿಗೆ ಅಂತ ದ್ವೀಪವನ್ನು ಹಿಡಿದಾಗ ಇಲ್ಲಿ ದೊಡ್ಡ ಊರು ಅಂತ ಇರಲಿಲ್ಲ. ಬಂದರು ಮಾಡಿದ, ಬಂದವರೆಲ್ಲ ತಮ್ಮ ತಮ್ಮ ದೇವರನ್ನು ಹತ್ತಿರ ಹತ್ತಿರವೇ ಕೂರಿಸಿಕೊಂಡರು.

ಮೊದಲ ನಡಿಗೆ ಬೆಳಗ್ಗೆ. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಆದರೆ ಸೂರ್ಯ ಅಷ್ಟು ಮುಂದೆ ಇಲ್ಲ. ಏಳು ಗಂಟೆಗೂ ಪೂರ್ತಿ ಬೆಳಗಾಗಿರುವುದಿಲ್ಲ. ಆ ಹೊತ್ತಿಗೇ ಹೊರಡಿ, ಸೆಕೆ ಶುರುವಾಗಿರುವುದಿಲ್ಲ. ಸೇಂಟ್ ಜಾರ್ಜ್ ಚರ್ಚಿನಿಂದ ಶುರು ಮಾಡಿ, 1818ರದ್ದು, ದಪ್ಪ ಬಿಳಿ ಕಂಬಗಳು. ಅದನ್ನು ದಾಟಿ ಸ್ವಲ್ಪ ನಡೆದರೆ ಕುವಾನ್ ಯಿನ್, ಅಂದರೆ ಕರುಣೆಯ ದೇವಿಯ ಗುಡಿ. ಇಲ್ಲಿ ನಿಲ್ಲಿ. ಅಂಗಳದಲ್ಲಿ ಆಳೆತ್ತರದ ಊದುಬತ್ತಿ ಉರಿಯುತ್ತಿರುತ್ತವೆ, ಹೊಗೆಗೆ ಕಣ್ಣಲ್ಲಿ ನೀರು ಬರುತ್ತದೆ, ಪಾರಿವಾಳಗಳು ಹಾರುತ್ತ ಕೂರುತ್ತ ಇರುತ್ತವೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಹುಷಾರು.

ಅಲ್ಲಿ ನಾನು ಕಂಡದ್ದು ಇದು. ಹೂವಿನ ಪ್ಯಾಂಟು, ತೋಳಿಲ್ಲದ ಅಂಗಿ ತೊಟ್ಟ ಚೀನಿ ಅಜ್ಜಿ ಒಬ್ಬರು ಮೂರು ಊದುಬತ್ತಿ ಹಚ್ಚಿ, ಹಣೆಗೆ ಮುಟ್ಟಿಸಿ, ಬೂದಿಯಲ್ಲಿ ಸಿಗಿಸಿದರು. ಆಮೇಲೆ ಚೀಲ ಎತ್ತಿಕೊಂಡು ಬೀದಿಯಲ್ಲಿ ಮುಂದಕ್ಕೆ ನಡೆದರು. ನಾನೂ ಅದೇ ದಾರಿ, ಹಿಂದೆಯೇ ಹೋದೆ. ಸ್ವಲ್ಪ ಮುಂದೆ ಮಹಾಮಾರಿಯಮ್ಮನ ಗುಡಿ, 1833ರದ್ದು. ಅದರ ಬೆನ್ನು ಮಾತ್ರ ಈ ಬೀದಿಗಿದೆ, ಮುಂಬಾಗಿಲು ಪಕ್ಕದ ಕ್ವೀನ್ ಸ್ಟ್ರೀಟ್‌ನಲ್ಲಿ, ಬಳಸಿ ಹೋಗಬೇಕು. ಅಜ್ಜಿ ಬಳಸಿ ಹೋದರು, ಚಪ್ಪಲಿ ಬಿಟ್ಟರು, ಕೈ ಮುಗಿದರು. ಅರ್ಚಕರು ಏನೂ ಕೇಳದೆ ವಿಭೂತಿ ಕೊಟ್ಟರು. ಅವರು ಹಣೆಗೆ ಒಂದಿಷ್ಟು ಹಚ್ಚಿಕೊಂಡು, ಮಿಕ್ಕಿದ್ದನ್ನು ಟಿಶ್ಯೂ ಪೇಪರಿನಲ್ಲಿ ಮಡಚಿ ಪರ್ಸಿನೊಳಗೆ ಇಟ್ಟುಕೊಂಡರು. ದಿನಾ ಮಾಡುವ ಕೆಲಸದ ಹಾಗಿತ್ತು, ಯಾರೂ ತಿರುಗಿಯೂ ನೋಡಲಿಲ್ಲ. ನಾನೊಬ್ಬಳೇ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಇಲ್ಲಿನ ತೈಪೂಸಂ ಅನ್ನುವ ಮುರುಗನ ಹಬ್ಬದಲ್ಲಿ ಕಾವಡಿ ಹೊರುವ, ರಸ್ತೆಯಲ್ಲಿ ರಾಶಿ ರಾಶಿ ತೆಂಗಿನಕಾಯಿ ಒಡೆಯುವ ಚೀನಿಯರೂ ಇದ್ದಾರೆ ಅಂತ ಆಮೇಲೆ ತಿಳಿಯಿತು.

ಎರಡನೇ ನಡಿಗೆ ಮಧ್ಯಾಹ್ನ. ಬಿಸಿಲು ಕೆಟ್ಟದಾಗಿರುತ್ತದೆ, ಅದಕ್ಕೇ ಹೋಗಬೇಕು. ಆಗ ತಾನೇ ಗೊತ್ತಾಗುವುದು ಈ ಊರಿನ ಜಗಲಿಯ ಬೆಲೆ. ಅಂಗಡಿಗಳ ಮುಂದೆ ಮೇಲೆ ಮಹಡಿ ಚಾಚಿಕೊಂಡು, ಕೆಳಗೆ ಐದು ಅಡಿ ಅಗಲದ ನಡೆದಾರಿ ಸಾಲುದ್ದಕ್ಕೂ ಇರುತ್ತದೆ. ಮಲಯ ಭಾಷೆಯಲ್ಲಿ ಕಾಕಿ ಲೀಮಾ, ಐದು ಅಡಿ ಅಂತಲೇ ಅರ್ಥ. ಮಳೆ ಬಂದರೂ ಬಿಸಿಲಿದ್ದರೂ ಅದರಡಿಯೇ ನಡೆಯುವುದು. ಅಲ್ಲೇ ಒಬ್ಬ ಬೆತ್ತದ ಬುಟ್ಟಿ ಹೆಣೆಯುತ್ತಿರುತ್ತಾನೆ, ಇನ್ನೊಬ್ಬ ಸ್ಕೂಟರ್ ನಿಲ್ಲಿಸಿ ದಾರಿಯೇ ಇಲ್ಲದ ಹಾಗೆ ಮಾಡಿರುತ್ತಾನೆ, ಕಾಲ ಹತ್ತಿರ ಗೋಡೆಯಲ್ಲಿ ಕೆಂಪು ಬಣ್ಣದ ಪುಟ್ಟ ದೇವರ ಗೂಡು, ಅದರ ಮುಂದೆ ಎರಡು ಕಿತ್ತಳೆ ಹಣ್ಣು. ಜಗಲಿಗಳ ಎತ್ತರ ಮನೆಯಿಂದ ಮನೆಗೆ ಬೇರೆ, ನೆಲ ನೋಡಿ ನಡೆಯಿರಿ. ನನ್ನ ಹೆಬ್ಬೆರಳಿನ ಉಗುರು ಅಲ್ಲೇ ಹೋಗಿದ್ದು.

ಈ ಹೊತ್ತಿನಲ್ಲಿ ಬೀದಿಯ ತುದಿಯ ಮಸೀದಿಗೆ ಹೋಗಿ. ಇಲ್ಲಿಗೆ ಬಂದು ನೆಲೆಸಿದ ದಕ್ಷಿಣ ಭಾರತದ ಮುಸ್ಲಿಂ ವ್ಯಾಪಾರಿಗಳು 1801ರಲ್ಲಿ ಕಟ್ಟಿದ್ದು. ಅವರ ಮುಖಂಡನನ್ನು ಕಪಿತಾನ್ ಅನ್ನುತ್ತಿದ್ದರು. ಕೆಲಿಂಗ್ ಅನ್ನುವುದು ಕಳಿಂಗದಿಂದ ಬಂದ ಪದ ಅನ್ನುತ್ತಾರೆ, ಹಿಂದೆ ದಕ್ಷಿಣ ಭಾರತದವರಿಗೆಲ್ಲ ಇದ್ದ ಹೆಸರು. ಇವತ್ತು ಜನರ ಮೇಲೆ ಆ ಪದ ಬಳಸಿದರೆ ಬೈಗುಳ. ಮಸೀದಿಯ ಹೆಸರಿನಲ್ಲಿ ಇದೆಯಲ್ಲ ಅಂತ ನೀವು ಯಾರಿಗೂ ಅನ್ನಲು ಹೋಗಬೇಡಿ. ಬೇರೆ ಧರ್ಮದವರನ್ನೂ ಪ್ರಾರ್ಥನೆ ಇಲ್ಲದ ಹೊತ್ತಿನಲ್ಲಿ ಒಳಗೆ ಬಿಡುತ್ತಾರೆ, ಮೈ ಮುಚ್ಚುವ ನಿಲುವಂಗಿ ಅವರೇ ಕೊಡುತ್ತಾರೆ. ಶುಕ್ರವಾರ ಮಧ್ಯಾಹ್ನ ಮಾತ್ರ ಬೇಡ.

ಅಲ್ಲಿಂದ ಹತ್ತಿರದಲ್ಲೇ ಖೂ ಕೊಂಗ್ಸಿ. ಖೂ ಅನ್ನುವ ಮನೆತನದವರ ಕುಲದೇವರ ಗುಡಿ ಮತ್ತು ಸಭಾಂಗಣ. ದುಡ್ಡು ಕೊಟ್ಟು ನೋಡುವುದಿದ್ದರೆ ಇಡೀ ಊರಿನಲ್ಲಿ ಇದೊಂದನ್ನು ನೋಡಿ. ಮೊದಲು ಕಟ್ಟಿದ್ದು ಚಕ್ರವರ್ತಿಯ ಅರಮನೆಗೆ ಸಾಟಿಯಾಗುವಷ್ಟು ಭರ್ಜರಿಯಾಗಿತ್ತಂತೆ, ದೇವರಿಗೆ ಸಿಟ್ಟು ಬಂದು ಸುಟ್ಟುಹೋಯಿತಂತೆ, ಆಮೇಲೆ 1906ರಲ್ಲಿ ಸ್ವಲ್ಪ ತಗ್ಗಿಸಿ ಮತ್ತೆ ಕಟ್ಟಿದರಂತೆ. ತಗ್ಗಿಸಿದ್ದೇ ಹೀಗಿದ್ದರೆ ಮೊದಲಿನದು ಹೇಗಿತ್ತೋ! ಮಾಡಿನ ಅಂಚಿನಲ್ಲಿ ಡ್ರ್ಯಾಗನ್ನು, ಮೀನು, ಹೂವು ಎಲ್ಲ ಒಡೆದ ಪಿಂಗಾಣಿ ಬಟ್ಟಲಿನ ಚೂರು ಅಂಟಿಸಿ ಮಾಡಿದ್ದಾರೆ. ಬಾಗಿಲ ಹತ್ತಿರ ದೊಡ್ಡ ಮುಂಡಾಸು ಸುತ್ತಿದ ಸಿಖ್ ಕಾವಲುಗಾರನ ಕಲ್ಲಿನ ಬೊಂಬೆ ಇದೆ, ಹುಡುಕಿ ನೋಡಿ.

ಒಂದು ಮಾತು ಇಲ್ಲೇ ಹೇಳಬೇಕು. ಈ ಬೀದಿಗೆ "ಸೌಹಾರ್ದದ ಬೀದಿ" ಅಂತ ಪ್ರವಾಸೋದ್ಯಮದವರು ಹೆಸರಿಟ್ಟಿದ್ದಾರೆ. ಕೇಳಲು ಚೆಂದ. ಆದರೆ 1867ರಲ್ಲಿ ಇದೇ ಗಲ್ಲಿಗಳಲ್ಲಿ ದೊಡ್ಡ ಗಲಾಟೆಯಾಗಿ, ಹತ್ತು ದಿನ ಊರು ಹೊತ್ತಿ ಉರಿದಿತ್ತು. ಪಕ್ಕದ ಕ್ಯಾನನ್ ಸ್ಟ್ರೀಟ್‌ಗೆ ಹೆಸರು ಬಂದದ್ದು ಆಗ ಹಾರಿಸಿದ ಫಿರಂಗಿಯಿಂದ ಅನ್ನುತ್ತಾರೆ. ಗಮ್ಮತ್ತು ಏನು ಗೊತ್ತಾ? ಅದು ಚೀನಿಯರು ಒಂದು ಕಡೆ, ಮುಸ್ಲಿಮರು ಇನ್ನೊಂದು ಕಡೆ ಆಗಿರಲಿಲ್ಲ. ಒಂದು ಚೀನಿ ಗುಪ್ತ ಸಂಘ ಬಿಳಿ ಬಾವುಟದ ಮುಸ್ಲಿಂ ಸಂಘದ ಜೊತೆ ಸೇರಿತ್ತು, ಅದರ ಎದುರಾಳಿ ಚೀನಿ ಸಂಘ ಕೆಂಪು ಬಾವುಟದ ಮುಸ್ಲಿಂ ಸಂಘದ ಜೊತೆ. ಅಂದರೆ ಜಗಳವನ್ನೂ ಬೆರೆತೇ ಆಡಿದರು. ನನಗೆ ಸೌಹಾರ್ದದ ಬೋರ್ಡಿಗಿಂತ ಈ ಕಥೆಯೇ ಊರಿನ ಬಗ್ಗೆ ಜಾಸ್ತಿ ಹೇಳುತ್ತದೆ ಅನ್ನಿಸಿತು.

ಮೂರನೇ ನಡಿಗೆ ಸಂಜೆ ಏಳರ ಹೊತ್ತಿಗೆ. ಮಸೀದಿಯ ಬಾಂಗು, ಮಾರಿಯಮ್ಮನ ಗುಡಿಯ ಗಂಟೆ, ಲಿಟ್ಲ್ ಇಂಡಿಯಾ ಅನ್ನುವ ತಮಿಳರ ಕೇರಿಯಲ್ಲಿ ಕ್ಯಾಸೆಟ್ ಅಂಗಡಿ ಕಾಲದಿಂದ ಇಳಿಯದ ತಮಿಳು ಹಾಡಿನ ಅಬ್ಬರ, ಎಲ್ಲ ಒಟ್ಟಿಗೆ ಕಿವಿಗೆ ಬೀಳುವ ಒಂದು ಮೂಲೆ ಇದೆ. ಎಲ್ಲಿ ಅಂತ ಹೇಳುವುದಿಲ್ಲ, ನಡೆದರೆ ನಿಮಗೇ ಸಿಗುತ್ತದೆ. ಬೆಳಗ್ಗೆ ಮುಚ್ಚಿದ್ದ ಬಾಗಿಲುಗಳಲ್ಲಿ ಅರ್ಧ ಈಗ ಕೆಫೆ. 2000ದಲ್ಲಿ ಬಾಡಿಗೆ ನಿಯಂತ್ರಣ ಕಾನೂನು ಹೋದ ಮೇಲೆ ಬಾಡಿಗೆ ಏರಿ, ಬಹಳ ಹಳೇ ಮನೆಯವರು ಊರು ಬಿಟ್ಟರು. 2008ರಲ್ಲಿ ಊರು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನಮ್ಮಂಥವರು ಬಂದೆವು. ದೀಪ ಹಾಕಿದ ಕೆಫೆಯ ಪಕ್ಕದಲ್ಲೇ ಬನಿಯನ್ ಹಾಕಿಕೊಂಡ ತಾತ ಟಿವಿ ನೋಡುತ್ತ ಕೂತಿರುತ್ತಾರಲ್ಲ, ಅವರು ಉಳಿದವರು. ಅವರ ಮನೆ ಬಾಗಿಲಿಗೆ ಕ್ಯಾಮೆರಾ ಹಿಡಿಯಬೇಡಿ.

ಹೊಟ್ಟೆ ವಿಷಯ

ನಾನು ಮೊಟ್ಟೆವರೆಗೆ ಹೋಗುವವಳು, ಆಮೇಲೆ ಇಲ್ಲ. ಪೆನಾಂಗ್‌ನಲ್ಲಿ ಸಸ್ಯಾಹಾರಿಗಳಿಗೆ ಕಷ್ಟ ಅಂತ ಎಲ್ಲರೂ ಹೆದರಿಸಿದ್ದರು. ಸುಳ್ಳು. ಕಷ್ಟ ಇರುವುದು ಮಾಂಸದಿಂದಲ್ಲ, ಬೆಲಾಚಾನ್‌ನಿಂದ. ಅದು ಹುದುಗಿಸಿದ ಸೀಗಡಿಯ ಗಟ್ಟಿ ಪೇಸ್ಟು, ನಾವು ಒಗ್ಗರಣೆಗೆ ಇಂಗು ಹಾಕಿದ ಹಾಗೆ ಸೊಪ್ಪಿನ ಪಲ್ಯಕ್ಕೂ ಹಾಕುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ರೋಜಕ್ ಅನ್ನುವ ಹಣ್ಣಿನ ಕೋಸಂಬರಿಗೂ ಸೀಗಡಿ ಪೇಸ್ಟ್ ಬೀಳುತ್ತದೆ, ಬರೀ ಹಣ್ಣು ತಾನೇ ಅಂತ ತಿನ್ನಬೇಡಿ. "ತಾ ಮಾವು ಬೆಲಾಚಾನ್" ಅಂದರೆ ಬೆಲಾಚಾನ್ ಬೇಡ ಅಂತ. ಬಾಯಿಪಾಠ ಮಾಡಿಕೊಳ್ಳಿ.

ಬಚಾವಾಗಲು ಸುಲಭದ ದಾರಿ ಚೀನಿ ಸಸ್ಯಾಹಾರದ ಅಂಗಡಿಗಳು. ಇಲ್ಲಿನ ಚೀನಿಯರ ಹೊಕ್ಕಿಯೆನ್ ಮಾತಿನಲ್ಲಿ "ಚಿಯಾ ಚಾಯ್" ಅಂದರೆ ಸಸ್ಯಾಹಾರ ತಿನ್ನುವುದು. ಬೌದ್ಧರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ, ಅಂದರೆ ಹೆಚ್ಚುಕಮ್ಮಿ ಅಮಾವಾಸ್ಯೆ ಹುಣ್ಣಿಮೆಗೆ ಮಾಂಸ ಬಿಡುತ್ತಾರೆ. ಆವತ್ತು ಈ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸಂಪ್ರದಾಯದವರ ಅಂಗಡಿಯಾದರೆ ನಮ್ಮ ಮಠದ ಊಟದ ಹಾಗೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ತಟ್ಟೆಗೆ ಅನ್ನ ಹಾಕಿಸಿಕೊಂಡು, ಸಾಲಾಗಿಟ್ಟ ಪಲ್ಯಗಳಲ್ಲಿ ಬೇಕಾದ್ದು ನೀವೇ ಬಡಿಸಿಕೊಳ್ಳಿ. ಕೊನೆಯಲ್ಲಿ ಕೂತ ಅಕ್ಕ ತಟ್ಟೆಯನ್ನು ಒಮ್ಮೆ ನೋಡಿ ಬೆಲೆ ಹೇಳುತ್ತಾರೆ. ಹೇಗೆ ಲೆಕ್ಕ ಹಾಕುತ್ತಾರೋ ದೇವರಿಗೇ ಗೊತ್ತು. ಹಂದಿಮಾಂಸದ ತರ ಕಾಣುವುದು ಕಂಡರೆ ಗಾಬರಿ ಬೇಡ, ಸೋಯಾದ್ದು.

ತಿಂಡಿಗೆ ಮಾಮಕ್ ಅಂಗಡಿ. ತಮಿಳು ಮುಸ್ಲಿಮರ ಹೋಟೆಲ್, ಮಾಮ ಅನ್ನುವ ಮಾತಿನಿಂದಲೇ ಆ ಹೆಸರು ಬಂದಿದ್ದು. ರೋಟಿ ಚನಾಯ್ ಅಂದರೆ ಪದರ ಪದರದ ಪರೋಟ, "ದಾಲ್ ಸಾಜಾ" ಅನ್ನಿ, ಬರೀ ಬೇಳೆ ಅಂತ. ಸುಮ್ಮನಿದ್ದರೆ ಮೀನಿನ ಸಾರು ಸುರಿದುಬಿಡುತ್ತಾರೆ. ಪುಟು ಮಯಂ ಅಂತ ಮಾರುತ್ತಿದ್ದರೆ ಬಿಡಬೇಡಿ, ಅದು ನಮ್ಮ ಒತ್ತು ಶಾವಿಗೆಯೇ, ಕಾಯಿತುರಿ ಕಂದು ಸಕ್ಕರೆ ಹಾಕಿ ಕೊಡುತ್ತಾರೆ.

ನಾಸಿ ಕಂದಾರ್ ಈ ಊರಿನ ಹೆಮ್ಮೆ. ತಿನ್ನದಿದ್ದರೂ ಹೋಗಿ ನೋಡಿ. ಕಂದಾರ್ ಅಂದರೆ ಹೆಗಲ ಮೇಲಿನ ಅಡ್ಡೆ. ತಮಿಳು ಮುಸ್ಲಿಂ ವ್ಯಾಪಾರಿಗಳು ಒಂದು ತುದಿಗೆ ಅನ್ನ, ಇನ್ನೊಂದು ತುದಿಗೆ ಸಾರು ನೇತುಹಾಕಿಕೊಂಡು ಬಂದರಿನ ಕೂಲಿಗಳಿಗೆ ಮಾರುತ್ತಿದ್ದರು. ಈಗ ಅಡ್ಡೆ ಇಲ್ಲ, ದೊಡ್ಡ ದೊಡ್ಡ ಪಾತ್ರೆಗಳಿವೆ. ಬಡಿಸುವವನ ಕೈ ನೋಡಬೇಕು. ಸೌಟು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಾರುತ್ತದೆ, ಕೋಳಿ ಸಾರು, ಮೀನು ಸಾರು, ಬೇಳೆ, ಎಲ್ಲದರ ರಸವನ್ನೂ ಅನ್ನದ ಮೇಲೆ ಒಂದರ ಮೇಲೊಂದು ಸುರಿಯುತ್ತಾನೆ. ಗಿರಾಕಿ "ಬಂಜಿರ್" ಅಂದರೆ ಇನ್ನೂ ಜಾಸ್ತಿ. ಬಂಜಿರ್ ಅಂದರೆ ಪ್ರವಾಹ! ಮಾಂಸ ತಿನ್ನುವವರು ಪ್ರವಾಹವನ್ನೇ ಕೇಳಿ. ಸಸ್ಯಾಹಾರಿಗಳು ಆ ಸೌಟಿನಿಂದ ದೂರ ಇರಿ, ಬೇರೆ ಸೌಟು ಅನ್ನುವ ಮಾತೇ ಅಲ್ಲಿಲ್ಲ.

ಕುಡಿಯಲು ತೆ ತಾರಿಕ್ ಇದ್ದೇ ಇದೆ, ನಮ್ಮ ಮೀಟರ್ ಟೀ ಕಂಡವರಿಗೆ ಹೊಸದಲ್ಲ. ಕಂಡೆನ್ಸ್ಡ್ ಹಾಲು ಹಾಕುವುದರಿಂದ ಪಾಯಸದಷ್ಟು ಸಿಹಿ, "ಕುರಾಂಗ್ ಮನಿಸ್" ಅಂದರೆ ಸಿಹಿ ಕಮ್ಮಿ. ಮಧ್ಯಾಹ್ನಕ್ಕೆ ಜಾಯಿಕಾಯಿ ಜ್ಯೂಸ್ ಅಥವಾ ಅಂಬ್ರಾ ಜ್ಯೂಸ್ ಕುಡಿಯಿರಿ. ಅಂಬ್ರಾ ನಮ್ಮ ಅಮಟೆಕಾಯಿಯ ಹತ್ತಿರದ ನೆಂಟ, ಉ‌ಪ್ಪುಪ್ಪಾದ ಒಣ ಪ್ಲಮ್ ಹಾಕಿ ಕೊಡುತ್ತಾರೆ. ಮಲೆನಾಡಿನವರಿಗೆ ಮೊದಲ ಗುಟುಕಿಗೇ ಮನೆ ನೆನಪಾಗುತ್ತದೆ. ಚೆಂಡೋಲ್ ಕೂಡ ಸಸ್ಯಾಹಾರವೇ, ಹಸಿರು ಶಾವಿಗೆ, ತೆಂಗಿನ ಹಾಲು, ತಾಳೆಬೆಲ್ಲ, ಐಸು.

ಮಾತು

ಇಂಗ್ಲಿಷ್ ನಡೆಯುತ್ತದೆ. ಹರಕು ಮುರುಕು ತಮಿಳು ಬಂದರೆ ಲಿಟ್ಲ್ ಇಂಡಿಯಾದಲ್ಲಿ ಉಪಚಾರ ಜಾಸ್ತಿ. ತಮಿಳು ಅಂಗಡಿಯವರನ್ನು "ಅಣ್ಣೆ" ಅನ್ನಿ, ಚೀನಿ ಹಿರಿಯರನ್ನು ಅಂಕಲ್, ಆಂಟಿ ಅನ್ನಿ, ಮಲಯ ಹೆಂಗಸರನ್ನು "ಕಾಕ್", ಅಕ್ಕ ಅಂತ. ಯಾರು ಅಂತ ಗೊತ್ತಾಗದಿದ್ದರೆ "ಬಾಸ್" ಅಂದುಬಿಡಿ. ಇಲ್ಲಿ ಬಸ್ಸಿನ ಡ್ರೈವರಿನಿಂದ ಹಿಡಿದು ಪರೋಟ ಬಡಿಯುವವನವರೆಗೆ ಎಲ್ಲರೂ ಬಾಸೇ. ಬಿಲ್ಲಿಗೆ "ಕಿರಾ", ಪಾರ್ಸೆಲ್‌ಗೆ "ತಪಾವ್" ಅಥವಾ "ಬುಂಗ್ಕುಸ್".

ಬೋರ್ಡುಗಳನ್ನು ಓದುತ್ತ ಹೋಗಿ, ಒಬ್ಬರೇ ಇದ್ದಾಗ ಇದಕ್ಕಿಂತ ಒಳ್ಳೆ ಆಟ ಇಲ್ಲ. ಮಲಯ ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ, ಪದಗಳು ಅರ್ಧ ನಮ್ಮವೇ. ಬಹಾಸ ಅಂದರೆ ಭಾಷೆ, ನೆಗಾರ ಅಂದರೆ ದೇಶ, ಬೂಮಿ ಅಂದರೆ ಭೂಮಿ, ಮೆಂತೆರಿ ಅಂದರೆ ಮಂತ್ರಿ, ಪುವಾಸ ಅಂದರೆ ಉಪವಾಸ. ಸುವಾಮಿ ಅಂದರೆ ಗಂಡ! ಇದನ್ನು ಕೇಳಿ ನಮ್ಮಮ್ಮ ಒಂದು ವಾರ ನಕ್ಕರು.

ಉಳಿದ ಅರ್ಧ ದಿನ

ಏರ್ ಇತಾಮ್ ಕಡೆ ಎರಡು ಜಾಗ ಇವೆ, ಪೆನಾಂಗ್ ಹಿಲ್ ಮತ್ತು ಕೆಕ್ ಲೋಕ್ ಸಿ ದೇವಸ್ಥಾನ. ಎರಡನ್ನೂ ಒಂದೇ ಅರ್ಧ ದಿನದಲ್ಲಿ ತುರುಕಬೇಡಿ, ಒಂದನ್ನು ಆರಿಸಿ. ಕೊಮ್ತಾರ್ ಗೋಪುರದ ಕೆಳಗಿನ ನಿಲ್ದಾಣದಿಂದ 204ನೇ ನಂಬರ್ ಬಸ್ಸು. ಡ್ರೈವರ್ ಚಿಲ್ಲರೆ ಕೊಡುವುದಿಲ್ಲ, ಸರಿಯಾದ ದುಡ್ಡು ಕೈಯಲ್ಲಿರಲಿ. ಬೆಟ್ಟಕ್ಕೆ 1923ರಿಂದ ಹಗ್ಗದ ರೈಲು ಇದೆ, ಮೇಲೆ ತಂಪು, ಹಿಂದೂ ಗುಡಿ ಮತ್ತು ಮಸೀದಿ ಅಲ್ಲೂ ಅಕ್ಕಪಕ್ಕ. ಶನಿವಾರ ಭಾನುವಾರ ಸಾಲು ಉದ್ದ. ನಾನಾದರೆ ಕೆಕ್ ಲೋಕ್ ಸಿಗೆ ಹೋಗುತ್ತೇನೆ, ಅಲ್ಲಿನ ಗೋಪುರಕ್ಕೋಸ್ಕರ. 1930ರಲ್ಲಿ ಮುಗಿದದ್ದು. ಬುಡ ಚೀನಿ ಶೈಲಿ, ನಡುಭಾಗ ಥಾಯ್, ತುದಿ ಬರ್ಮಾದ್ದು. ಕೆಳಗಿನಿಂದ ಮೇಲಕ್ಕೆ ಕಣ್ಣು ಹಾಯಿಸಿದರೆ ಮೂರು ದೇಶ.

ಗೋಡೆ ಚಿತ್ರಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಅರ್ಮೇನಿಯನ್ ಸ್ಟ್ರೀಟ್‌ನಲ್ಲಿ ನಿಜವಾದ ಸೈಕಲ್ ಗೋಡೆಗೆ ಅಂಟಿಸಿ ಇಬ್ಬರು ಮಕ್ಕಳನ್ನು ಬರೆದಿದ್ದಾರಲ್ಲ, ಅದು 2012ರದ್ದು. ಬೆಳಗ್ಗೆ ಎಂಟಕ್ಕೆ ಮುಂಚೆ ಹೋದರೆ ಚಿತ್ರ ಕಾಣುತ್ತದೆ, ಆಮೇಲೆ ಹೋದರೆ ಸಾಲು ಮಾತ್ರ ಕಾಣುತ್ತದೆ. ಸಮುದ್ರದ ಮೇಲೆ ಕಂಬ ನೆಟ್ಟು ಕಟ್ಟಿದ ಚೀನಿ ಮನೆತನಗಳ ಕೇರಿಗಳಿಗೆ ಸಂಜೆ ಹೋಗಿ. ಚ್ಯೂ ಜೆಟ್ಟಿಯಲ್ಲಿ ಅಂಗಡಿ ಜಾಸ್ತಿ, ಪಕ್ಕದ ತಾನ್ ಜೆಟ್ಟಿಯಲ್ಲಿ ಶಾಂತಿ ಜಾಸ್ತಿ.

ಒಬ್ಬಳೇ ಹೆಣ್ಣು ಅಂತ ನನಗೆ ತೊಂದರೆಯಾಗಲಿಲ್ಲ, ರಾತ್ರಿ ಹತ್ತರವರೆಗೂ ನಡೆದಿದ್ದೇನೆ. ಒಂದೇ ಎಚ್ಚರ, ಮೋಟಾರ್ ಸೈಕಲ್‌ನಲ್ಲಿ ಬಂದು ಬ್ಯಾಗ್ ಕಿತ್ತುಕೊಂಡು ಹೋಗುವವರು ಇದ್ದಾರೆ. ಬ್ಯಾಗು ರಸ್ತೆಯ ಕಡೆ ಬೇಡ, ಗೋಡೆಯ ಕಡೆ ಹೆಗಲಿಗಿರಲಿ. ತಡವಾದರೆ ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಕರೆಯಿರಿ, ವಿಮಾನ ನಿಲ್ದಾಣಕ್ಕೂ ಅದೇ ಸುಲಭ, ಊರಿನಿಂದ ಸುಮಾರು 16 ಕಿಲೋಮೀಟರ್. ಸಂಜೆ ಟ್ರಾಫಿಕ್ ಬೆಂಗಳೂರಿನಷ್ಟಲ್ಲದಿದ್ದರೂ ಇದೆ, ಒಂದು ಗಂಟೆ ಇಟ್ಟುಕೊಂಡು ಹೊರಡಿ.

ಮನೆಗೆ ಏನು ತರುವುದು? ಹೆಸರುಬೇಳೆ ಹೂರಣದ ತಾವ್ ಸಾರ್ ಪಿಯಾ ಬಿಸ್ಕತ್ತು ಎಲ್ಲ ಕಡೆ ಸಿಗುತ್ತದೆ, ಆದರೆ ಹಳೇ ಪದ್ಧತಿಯಲ್ಲಿ ಅದಕ್ಕೆ ಹಂದಿ ಕೊಬ್ಬು ಹಾಕುತ್ತಾರೆ, ಕೇಳಿ ತಗೊಳ್ಳಿ. ನಾನು ಚೌರಸ್ತಾ ಮಾರುಕಟ್ಟೆಗೆ ಹೋದೆ. ಹೌದು, ಹೆಸರೇ ಚೌರಸ್ತಾ, ನಮ್ಮ ಊರುಗಳಲ್ಲಿ ಅನ್ನುವ ಅದೇ ಚೌರಸ್ತಾ. ಅಲ್ಲಿ ಜಾಯಿಕಾಯಿಯ ತಿರುಳನ್ನು ಹೆಚ್ಚಿ, ಸಕ್ಕರೆ ಪಾಕದಲ್ಲಿ ಹಾಕಿ, ಒಣಗಿಸಿ ಮಾರುತ್ತಾರೆ. ಅರ್ಧ ಕೆಜಿ ತಂದು ಡಬ್ಬಿಗೆ ತುಂಬಿ ಅಡುಗೆಮನೆಯಲ್ಲಿಟ್ಟೆ, ಏನು ಅಂತ ಹೇಳಲು ಮರೆತೆ. ಮಾರನೇ ದಿನ ನೋಡಿದರೆ ಅಪ್ಪ ಹೊಸ ಉಪ್ಪಿನಕಾಯಿ ಅಂದುಕೊಂಡು ಮೊಸರನ್ನಕ್ಕೆ ನೆಂಚಿಕೊಂಡು ತಿನ್ನುತ್ತಿದ್ದರು. "ಖಾರ ಕಮ್ಮಿ ಆಯ್ತು" ಅಂದರು.